71 ಯಾಕ್ರಿ ಅಕ್ಕಾರ, 70 ಯಾಕಲ್ಲ?

ಬಾಗಲಕೋಟಿ ನವನಗರದಾಗ ಸಾಲಿ ಮಾಸ್ತರು, ಹುಡುಗ್ರು, ಓಣಿ ಮಂದಿ ಕೂಡಿದ್ದ ಒಂದು ಸಂಜಿ ಆಡಿದ ಮಾತಿದು. ರೆಕಾರ್ಡಿಂಗ್ ಕೇಳಿ ಬರ್ದದ್ದು.

ನಂದು ಝೆರಾಕ್ಸ್ ಅಂಗಡಿ ಐತ್ರಿ. ಎರಡು ಮಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್, ಉತಾರ ಪ್ರಿಂಟು, ಲಗ್ನಪತ್ರಿಕಿ ಡಿಟಿಪಿ, ಇಷ್ಟ. ಮುಂಜಾನೆ ಶಟರ್ ಎತ್ತಿದ ಕೂಡ್ಲೆ ಒಂದು ಸಣ್ಣ ಕರಿ ಹಲಿಗಿ ಹೊರಗ ಇಡ್ತೀನಿ, ಮ್ಯಾಲೆ "ಇವತ್ತ ಸಿಕ್ಕಿದ್ದು" ಅಂತ ಇರ್ತೈತಿ, ಕೆಳಗ ಖಡೂಲೆ ದಿನಾ ಒಂದು ಸಂಗತಿ ಬರೀತೀನಿ, ವಿಜ್ಞಾನದ್ದು ಇರ್ಬಹುದು, ಚಿತ್ರದ್ದು, ನೇಯ್ಗಿದು, ಕಟ್ಟಡದ್ದು, ಮಷಿನ್‌ದು, ಯಾವ್ದರ ಒಂದು. ಅದನ್ನ ನೋಡಿದ ಒಬ್ರು ಮಾಸ್ತರು "ನಮ್ಮ ಹುಡುಗ್ರಿಗೆ ಇದನ್ನ ಬಂದು ಹೇಳ್ರಿ" ಅಂದ್ರು, ಅದಕ್ಕ ಬಂದೀನಿ.

ಇದು ಸುರು ಆದದ್ದು ಒಬ್ಬ ಹುಡುಗನಿಂದ. ಒಂದು ದೊಡ್ಡ ಎ3 ನಕಾಶಿ ತಂದಿದ್ದ, ಎ4 ಮಾಡಿ ಕೊಡ್ರಿ ಅಂದ. ನಾ ದಿನಾ ಒತ್ತೋ ಹಂಗ 71 ಪರ್ಸೆಂಟ್ ಬಟನ್ ಒತ್ತಿದೆ. ಅವ ಬಗ್ಗಿ ನೋಡಿ ಕೇಳಿದ, "71 ಯಾಕ್ರಿ ಅಕ್ಕಾರ, 70 ಯಾಕಲ್ಲ? ಅರ್ಧಾ ಮಾಡೂದಂದ್ರ 50 ಇರ್ಬೇಕಲ್ಲ?" ಒಂಬತ್ತು ವರ್ಷ ಆಗಿತ್ತು ನಾ ಆ ಬಟನ್ ಒತ್ತಾಕ ಹತ್ತಿ, ಒಂದಿನಾನೂ ಈ ಪ್ರಶ್ನಿ ನನ್ನ ತಲ್ಯಾಗ ಬಂದಿರಲಿಲ್ಲ. ಅವನಿಗೆ ಉತ್ತರ ಕೊಡಾಕ ಆಗಲಿಲ್ಲ, ಮನಿಗೆ ಹೋಗಿ ರಾತ್ರಿ ಕಾಗದ ಮಡಚಿಗೋತ ಕುಂತೆ.

ನಿಮ್ಮ ಕುರ್ಚಿ ಮ್ಯಾಲೆ ಎರಡೆರಡು ಎ4 ಹಾಳಿ ಇಟ್ಟೀನಿ ನೋಡ್ರಿ, ತಗೋರಿ. ಒಂದು ಹಾಳಿ ಹಿಡ್ಕೊಂಡು ಅದರ ಗಿಡ್ಡ ಅಂಚನ್ನ ಉದ್ದ ಅಂಚಿನ ಮ್ಯಾಲೆ ಬರೋಬ್ಬರಿ ಕೂಡೂ ಹಂಗ ಓರಿಯಾಗಿ ಮಡಚ್ರಿ. ಮೂರು ಮೂಲಿ ಆತಲ್ಲ? ಈಗ ಆ ಮಡಿಕಿ ಗೆರಿ ಐತಲ್ಲ, ಅದರ ಬಾಜೂಕ ಎರಡನೇ ಹಾಳಿ ಉದ್ದ ಅಂಚು ಇಟ್ಟು ನೋಡ್ರಿ. ಬರೋಬ್ಬರಿ ಒಂದ! ಕೂದಲೆಳಿ ಹೆಚ್ಚಿಲ್ಲ ಕಡಿಮಿಲ್ಲ. ಎ4 ಅಗಲ 210 ಮಿಲಿಮೀಟರ್, ಉದ್ದ 297. ನೀವು ಮಡಚಿದ್ದು 210ರ ಚೌಕ, ಅದರ ಮೂಲಿಯಿಂದ ಮೂಲಿಗೆ ಅಳದ್ರ 297. ಅಂದ್ರ ಉದ್ದ ಅನ್ನೋದು ಅಗಲದ 1.414 ಪಟ್ಟು, ಎರಡರ ವರ್ಗಮೂಲ. ಈ ಒಂದು ಲೆಕ್ಕಕ್ಕ ಮಾತ್ರ ಒಂದು ಗುಣ ಐತಿ, ಹಾಳಿನ ಅರ್ಧಾ ಮಾಡಿದ್ರ ಬರೋ ತುಂಡಿಗೂ ಅದ ಆಕಾರ ಇರ್ತೈತಿ, ಮತ್ತ ಅರ್ಧಾ ಮಾಡ್ರಿ ಮತ್ತ ಅದ ಆಕಾರ. ಬ್ಯಾರೆ ಯಾವ ಅಳತಿಗೂ ಹಂಗ ಆಗಂಗಿಲ್ಲ. ಎ3ಯಿಂದ ಎ4ಕ್ಕ ಬರ್ಬೇಕಂದ್ರ ಕಾಗದದ ಕ್ಷೇತ್ರಫಲ ಅರ್ಧಾ ಆಗ್ಬೇಕು, ಆದ್ರ ಉದ್ದ ಅಗಲ ಎರಡೂ 1.414ರಿಂದ ಭಾಗಿಸಬೇಕು, ಬರೂದು 0.707, ಅದ ಮಷಿನ್ ಮ್ಯಾಲಿನ 71. ದೊಡ್ಡದು ಮಾಡು ಅಂದ್ರ 141. ಆ ಹುಡುಗ ಮರುದಿನ ಬರ್ಲಿಲ್ಲ, ಅದಕ್ಕ ಹಲಿಗಿ ತಂದು ಬರ್ದಿಟ್ಟೆ, ಎಂದರ ಹಾದ್ರ ಓದ್ಲಿ ಅಂತ. ಅವ ಓದಿದನೋ ಇಲ್ಲೋ, ಆದ್ರ ಅವತ್ತ ಸಂಜಿತನಾ ಮಂದಿ ಅಂಗಡಿ ಮುಂದ ನಿಂತು ಕಾಗದ ಮಡಚಿದ್ರು. ಒಬ್ರು ಮುತ್ಯಾ ಉತಾರ ತಗೋಳಾಕ ಬಂದವ್ರು ಅದ ಉತಾರನ್ನ ಮಡಚಿ ನೋಡಿ ನಕ್ರು.

ಇದರ ಬಾಲ ಹಿಡ್ಕೊಂಡು ಹೋದ್ರ ಇನ್ನೂ ಭಾಳ ಸಿಗ್ತೈತಿ. ಎ0 ಅನ್ನೋ ದೊಡ್ಡ ಹಾಳಿ ಬರೋಬ್ಬರಿ ಒಂದು ಚದರ ಮೀಟರ್ ಇರ್ತೈತಿ. ಅದನ್ನ ನಾಕು ಸಲ ಅರ್ಧಾ ಮಾಡಿದ್ರ ಎ4, ಅಂದ್ರ ಹದಿನಾರು ಎ4 ಸೇರಿದ್ರ ಒಂದು ಚದರ ಮೀಟರ್. ಕಾಗದದ ಪಾಕೀಟಿನ ಮ್ಯಾಲೆ 80 ಜಿಎಸ್ಎಮ್ ಅಂತ ಇರ್ತೈತಲ್ಲ, ಅಂದ್ರ ಚದರ ಮೀಟರಿಗೆ 80 ಗ್ರಾಮ್. ಹದಿನಾರರಿಂದ ಭಾಗಿಸ್ರಿ, ಒಂದು ಹಾಳಿ 5 ಗ್ರಾಮ್! 500 ಹಾಳಿದು ಒಂದು ರೀಮ್ ಎರಡೂವರೆ ಕೆಜಿ. ಬಾಜೂಕಿನ ಕಿರಾಣಿ ಅಂಗಡಿ ಕಾಟಾ ಮ್ಯಾಲೆ ಇಟ್ಟು ನೋಡಿದೆ, ಹೊದಿಕಿದು ಒಂದೀಟು ಬಿಟ್ರ ಸರಿಯಾಗಿ ಬಂತು. ಈಗ ನಾ ಕಾಪಿ ಎಣಿಸೂದ ಬಿಟ್ಟೀನಿ, ತೂಗಿ ಹೇಳ್ತೀನಿ.

ಈ ಅಳತಿನ 1922ರಾಗ ಜರ್ಮನಿಯವ್ರು ತಮ್ಮ ಸ್ಟ್ಯಾಂಡರ್ಡ್ ಮಾಡ್ಕೊಂಡ್ರು, ಆಮ್ಯಾಲೆ ಒಂದೊಂದ ದೇಶ ಒಪ್ಪಿಗೊಂಡ್ವು, ನಾವೂ. ಅಮೆರಿಕಾದವ್ರು ಇನ್ನೂ ಲೆಟರ್ ಸೈಜ್ ಅಂತಾರ, ಅದಕ್ಕ ಅಲ್ಲಿಂದ ಬಂದ ಪಿಡಿಎಫ್ ನಮ್ಮ ಹಾಳಿ ಮ್ಯಾಲೆ ಸರಿ ಕೂಡಂಗಿಲ್ಲ. ಆದ್ರ ಜರ್ಮನಿಯವ್ರಿಗೂ ಮೊದಲ, 1786ರಾಗ, ಲಿಕ್ಟನ್‌ಬರ್ಗ್ ಅಂತ ಅಲ್ಲಿಯ ಒಬ್ಬ ಪ್ರೊಫೆಸರ್ ಒಂದು ಪತ್ರದಾಗ ಈ ಗುಣದ ಬಗ್ಗೆ ಬರ್ದಿದ್ದ. ಆ ಹೆಸರು ನೆನಪಿಟ್ಟುಗೋರಿ, ಇನ್ನೊಮ್ಮೆ ಬರ್ತೈತಿ.

ಮುಂದ ಕೆಲವು ತಿಂಗಳಿಗೆ ಮಷಿನ್ ಟೋನರ್, ಅಂದ್ರ ಅಕ್ಷರ ಮೂಡಿಸೋ ಕರಿ ಪುಡಿ, ಚೆಲ್ಲಾಕ ಹತ್ತಿತು. ರಿಪೇರಿ ಹುಡುಗ ಬಂದು ಬಿಚ್ಚಿ ಇಟ್ಟ, ಒಳಗಿನ ಡ್ರಮ್ ನೋಡಿದೆ, ಹಸಿರಂದ್ರ ಹಸಿರು, ಕನ್ನಡಿ ಹಂಗ ನುಣ್ಣಗ. "ಬೆಳಕ ಬೀಳಸಬ್ಯಾಡ್ರಿ ಅಕ್ಕಾರ, ಕೆಡ್ತೈತಿ" ಅಂತ ಅರಿವಿ ಮುಚ್ಚಿದ. ಬೆಳಕು ಬಿದ್ರ ಯಾಕ ಕೆಡಬೇಕು? ಹಂಗ ಹುಡುಕಿಗೋತ ಹೋದಾಗ ಚೆಸ್ಟರ್ ಕಾರ್ಲ್‌ಸನ್ ಸಿಕ್ಕ. ನ್ಯೂಯಾರ್ಕಿನ್ಯಾಗ ಪೇಟೆಂಟ್ ಕೆಲಸ ಮಾಡ್ತಿದ್ದ ಮನಷ್ಯಾ, ದಿನಾ ಕಾಗದಪತ್ರದ ನಕಲು ಬೇಕಾಗ್ತಿತ್ತು, ಕೈಲೆ ಬರ್ದು ಬರ್ದು ಸಾಕಾಗಿತ್ತು, ಸಂದಿವಾತ ಬ್ಯಾರೆ. 1938ರ ಅಕ್ಟೋಬರ್ 22ಕ್ಕ ಅಸ್ಟೋರಿಯಾ ಅನ್ನೋ ಓಣ್ಯಾಗ ಒಂದು ಬಾಡಗಿ ಕೋಣ್ಯಾಗ ಅವನೂ ಅವನ ಸಹಾಯಕನೂ ಕೂಡಿ ಗಂಧಕ ಬಳದ ಒಂದು ಸತುವಿನ ತಗಡನ್ನ ಅರಿವೀಲೆ ತಿಕ್ಕಿದ್ರು, ಅದಕ್ಕ ವಿದ್ಯುತ್ ಹತ್ತಿತು, ನಾವು ಬಾಚಣಿಕಿ ತಲಿಗೆ ತಿಕ್ಕಿ ಕಾಗದದ ಚೂರು ಎತ್ತಂಗಿಲ್ಲ? ಅದ. ಒಂದು ಗಾಜಿನ ಪಟ್ಟಿ ಮ್ಯಾಲೆ ಶಾಯೀಲೆ ತಾರೀಕು, ಓಣಿ ಹೆಸರು ಬರ್ದು ಆ ತಗಡಿನ ಮ್ಯಾಲಿಟ್ಟು ಜೋರ ಬೆಳಕು ಬಿಟ್ರು. ಬೆಳಕು ಬಿದ್ದ ಕಡೆ ವಿದ್ಯುತ್ ಹರಿದು ಹೋತು, ಅಕ್ಷರದ ನೆರಳಿದ್ದಲ್ಲಿ ಮಾತ್ರ ಉಳೀತು. ಮ್ಯಾಲೆ ನುಣ್ಣನ ಪುಡಿ ಉದುರಿಸಿ ಊದಿದ್ರು, ಪುಡಿ ಅಕ್ಷರಕ್ಕ ಅಂಟಿ ಕುಂತಿತು. ಮೇಣದ ಕಾಗದ ಒತ್ತಿ ಕಾಸಿದ್ರು, ಕಾಗದದ ಮ್ಯಾಲೆ "10-22-38 ಅಸ್ಟೋರಿಯಾ" ಮೂಡಿತು. ಜಗತ್ತಿನ ಮೊದಲ ಝೆರಾಕ್ಸ್.

ಇಪ್ಪತ್ತಕ್ಕೂ ಹೆಚ್ಚು ಕಂಪನಿಯವ್ರು ಬ್ಯಾಡ ಅಂದ್ರು ಅವನಿಗೆ. ಆಫೀಸಿನ್ಯಾಗ ಗುಂಡಿ ಒತ್ತಿದ್ರ ಕಾಪಿ ಬರೋ ಮಷಿನ್ ಬಂದದ್ದು 1959ರಾಗ, ಇಪ್ಪತ್ತೊಂದು ವರ್ಷ! ನಾ ಹಲಿಗಿ ಮ್ಯಾಲೆ ಇದನ್ನ ಮೂರು ದಿನ ಸಾಲಾಗಿ ಬರ್ದೆ, ಒಂದ ದಿನದಾಗ ಹಿಡೀಲಿಲ್ಲ. ಈಗ ನಿಮಗ ತಿಳೀತಲ್ಲ ಹೊಸಾ ಕಾಪಿ ಯಾಕ ಬಿಸಿ ಇರ್ತೈತಿ ಅಂತ, ಪುಡಿನ ಕಾಸಿ ಅಂಟಿಸಿರ್ತೈತಿ.

ಆದ್ರ ಪುಡಿ ಉದುರಿಸಿ ವಿದ್ಯುತ್ತಿನ ಚಿತ್ರ ನೋಡೂದು ಕಾರ್ಲ್‌ಸನ್‌ಗಿಂತ ಭಾಳ ಮೊದಲ ಒಬ್ಬ ಕಂಡಿದ್ದ. 1777ರ ಸುಮಾರಿಗೆ, ರಾಳದ ತಟ್ಟಿ ಮ್ಯಾಲೆ ವಿದ್ಯುತ್ ಹಾಯಿಸಿದಾಗ ಅದರ ಮ್ಯಾಲೆ ಬಿದ್ದ ಧೂಳು ಗಿಡದ ಟೊಂಗಿ ಹಂಗ, ಚುಕ್ಕಿ ಹಂಗ ಕೂಡ್ತಿತ್ತು. ಯಾರು ಹೇಳ್ರಿ ಅವ? ಅವನ, ಲಿಕ್ಟನ್‌ಬರ್ಗ್! ಕಾಗದದ ಅಳತಿ ಬಗ್ಗೆ ಪತ್ರ ಬರ್ದವನೂ ಅವನ, ಕಾಗದದ ಮ್ಯಾಲೆ ಪುಡಿ ಕೂಡ್ರೂ ವಿದ್ಯೆಯ ಬೇರು ಕಂಡವನೂ ಅವನ. ನನ್ನ ಅಂಗಡ್ಯಾಗ ಎರಡೂ ಒಂದ ಟ್ರೇ ಒಳಗ ದಿನಾ ಕೂಡ್ತಾವ. ಅವತ್ತ ರಾತ್ರಿ ಹನ್ನೊಂದಕ್ಕ ಇದು ಗೊತ್ತಾದಾಗ ನನಗ ಕುಂತಲ್ಲಿ ಕೂಡಾಕ ಆಗಲಿಲ್ಲ, ಮನ್ಯಾಗ ಮಲಗಿದವ್ರನ್ನ ಎಬ್ಬಿಸಿ ಹೇಳಿದೆ. ಹೇಳಿದ ಮ್ಯಾಲೆ ನಿದ್ದಿ ಬಂತು. ಸಿಕ್ಕದ್ದನ್ನ ಇನ್ನೊಬ್ರಿಗೆ ಹೇಳೋ ತನಕ ಅದು ಪೂರಾ ಸಿಕ್ಕಂಗ ಆಗಂಗಿಲ್ಲ, ನನಗಂತೂ ಹಂಗ.

ಈಗ ಒಂದು ತಪ್ಪಿನ ಸಂಗತಿ. ಗೋಲಗುಮ್ಮಟ ಜಗತ್ತಿನ್ಯಾಗ ಎರಡನೇ ದೊಡ್ಡ ಗುಮ್ಮಟ ಅಂತ ಒಂದಿನ ಬರ್ದಿದ್ದೆ. ಸಣ್ಣಾಕಿ ಇದ್ದಾಗಿಂದ ಕೇಳಿಕೋತ ಬಂದದ್ದು, ಎಲ್ಲಾರೂ ಹೇಳ್ತಾರ, ನೀವೂ ಹೇಳ್ತೀರಿ. ಮಧ್ಯಾಹ್ನ ಒಂಬತ್ತನೇತ್ತೆ ಓದೋ ಹುಡುಗಿ ಪ್ರಾಜೆಕ್ಟ್ ಪ್ರಿಂಟ್ ತಗೋಳಾಕ ಬಂದಾಕಿ ನಿಂತು ಓದಿ, "ಅಕ್ಕಾರ, ಒಳಗಿನ ಅಳತಿನೋ ಹೊರಗಿನ ಅಳತಿನೋ?" ಅಂದ್ಲು. ಇಬ್ರೂ ಕುಂತು ಲೆಕ್ಕ ತಗದ್ವಿ. ಗೋಲಗುಮ್ಮಟ ಹೊರಗಿಂದ ಅಡ್ಡಳತಿ ಸುಮಾರು 144 ಅಡಿ, ಗ್ವಾಡಿ ದಪ್ಪ ಎರಡೂ ಕಡೆ ಹತ್ತತ್ತು ಅಡಿ ಕಳದ್ರ ಒಳಗ 124. ರೋಮಿನ ಪ್ಯಾಂಥಿಯನ್ ಒಳಗಿಂದ 142 ಅಡಿ, ಅದು ಹೆಚ್ಚು ಕಡಿಮಿ 1900 ವರ್ಷ ಹಳೇದು. ಅದ ಊರಿನ ಸೇಂಟ್ ಪೀಟರ್ಸ್ 136 ಅಡಿ, ಅದು ಮುಗಿದದ್ದು 1590ರಾಗ. ನಮ್ಮದು ಮುಗಿದದ್ದು 1656ರಾಗ, ಮಹಮ್ಮದ ಆದಿಲ್‌ಶಾಹ ತೀರಿಕೊಂಡ ವರ್ಷ. ಒಳಗಿನ ಅಳತಿ ಹಿಡದ್ರ ಕಟ್ಟಿದ ದಿನಾನೂ ಅದು ಎರಡನೇದ್ದಾಗಿರಲಿಲ್ಲ. ನಾ ಬರ್ದದ್ದನ್ನ ಒರಸಾಕ ಹೋದೆ, ಆ ಹುಡುಗಿ ಬ್ಯಾಡ ಅಂದು ನೆಲದ ಲೆಕ್ಕ ಹಾಕಿದ್ಲು. ಗೋಲಗುಮ್ಮಟದ ಒಳಕೋಣಿ ಚೌಕ, ಒಂದೊಂದ ಬಾಜೂ 135 ಅಡಿ, ಗುಣಿಸಿದ್ರ 18,225 ಚದರ ಅಡಿ. ಪ್ಯಾಂಥಿಯನ್ ದುಂಡಗ ಐತಿ, ಅದರ ನೆಲ ಹದಿನಾರು ಸಾವಿರಕ್ಕೂ ಒಂದೀಟು ಕಡಿಮಿ. ಗುಮ್ಮಟ ಸಣ್ಣದು, ಆದ್ರ ಅದರ ಕೆಳಗಿನ ನೆಲ ದೊಡ್ಡದು, ನಡುವ ಒಂದೂ ಕಂಬ ಇಲ್ಲ!

ಹೆಂಗ ಆತಿದು? 135 ಅಡಿ ಚೌಕದ ಮ್ಯಾಲೆ 124 ಅಡಿ ದುಂಡು ಹೆಂಗ ಕೂಡ್ಸೂದು, ಮೂಲಿಗೋಳು ಹೊರಗ ಉಳೀತಾವಲ್ಲ? ಎರಡು ಚೌಕ ಕಾಗದ ತಗೊಂಡು ಒಂದರ ಮ್ಯಾಲೊಂದಿಟ್ಟು ಮ್ಯಾಲಿಂದನ್ನ 45 ಡಿಗ್ರಿ ತಿರುಗಸ್ರಿ. ಎಂಟು ಮೂಲಿ ಚುಕ್ಕಿ ಆಗ್ತೈತಿ, ನಡುವ ಎಂಟು ಬಾಜೂದ ಬಯಲು ಉಳೀತೈತಿ. ಗೋಲಗುಮ್ಮಟದಾಗ ಒಳಗ ನಿಂತು ಕತ್ತ ಎತ್ತಿ ನೋಡ್ರಿ, ಇದ ಎರಡು ಚೌಕಾನ ಎಂಟು ಕಮಾನು ಆಗಿ ಒಂದರೊಳಗೊಂದು ಹಾದು ಮ್ಯಾಲೆ ಹೋಗ್ಯಾವ, ಚೌಕ ಎಂಟು ಮೂಲಿ ಆಗಿ, ಎಂಟು ಮೂಲಿ ದುಂಡ ಆಗೇತಿ. ಗುಮ್ಮಟ ಹೊರಗ ತಳ್ಳೋ ಭಾರಾನ ಆ ಕಮಾನಿನ ನಡುವ ತುಂಬಿದ ಕಲ್ಲಿನ ತೂಕ ಒಳಗ ಜಗ್ಗಿ ಹಿಡೀತೈತಿ. ಮರುದಿನ ಹಲಿಗಿ ಮ್ಯಾಲೆ "ನಿನ್ನಿ ಬರ್ದದ್ದು ತಪ್ಪು" ಅಂತ ದೊಡ್ಡದಾಗಿ ಬರ್ದು ಕೆಳಗ ಈ ಚುಕ್ಕಿ ತಗದೆ. ಅವತ್ತ ನಿಂತಷ್ಟು ಮಂದಿ ಎಂದೂ ನಿಂತಿರಲಿಲ್ಲ.

ಅವತ್ತಿಂದ ಒಂದು ಪದ್ಧತಿ ಇಟ್ಟುಗೊಂಡೀನಿ. ನಾ ಬರ್ಯೂದನ್ನ ಓದಿದವ್ರು ಸಂಜಿ ಒಳಗ ತಮ್ಮ ಕೈಲೆ ಪರೀಕ್ಷಾ ಮಾಡಾಕ ಬರ್ಬೇಕು, ಮಡಚಿ, ತೂಗಿ, ಮುಟ್ಟಿ, ಕಿವಿ ಹಚ್ಚಿ, ಹೆಂಗರ. ಮೊಬೈಲಿನ್ಯಾಗ ದಿನಾ ನೂರು ವಿಚಿತ್ರ ಸಂಗತಿ ಬರ್ತಾವ, ಬಂದದ್ದನ್ನ ಹಂಗ ಮುಂದ ದಬ್ಬತೀವಿ, ಅದರಾಗ ಎಷ್ಟು ಖರೆ ಎಷ್ಟು ಸುಳ್ಳು ದಬ್ಬಿದವ್ರಿಗೂ ಗೊತ್ತಿಲ್ಲ ಓದಿದವ್ರಿಗೂ ಗೊತ್ತಿಲ್ಲ. ಅದು ಹಂಚಿಕೊಳ್ಳೂದಲ್ಲ ಅಂತ ನನ್ನ ಅಭಿಪ್ರಾಯ.

ಗುಮ್ಮಟದ ಪಿಸುಮಾತಿಂದೂ ಇದರಾಗ ಹೇಳಿಬಿಡ್ತೀನಿ. ಮ್ಯಾಲಿನ ಗ್ಯಾಲರಿಗೆ ಹೋಗಿ ಎಲ್ಲಾರೂ ಸಿಳ್ಳು ಹೊಡೀತಾರ, ಒದರ್ತಾರ, ಏಳು ಸಲ ತಿರುಗಿ ಬಂತು ಅಂತ ಎಣಸ್ತಾರ. ಒದರಬ್ಯಾಡ್ರಿ. ಸಾಲಿ ಪ್ರವಾಸದ ಬಸ್ಸು ಬರೂಕ್ಕಿಂತ ಮೊದಲ ಮುಂಜಾನೆ ಹೋಗ್ರಿ, ಒಬ್ರು ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಗ ಅನ್ರಿ, ಇನ್ನೊಬ್ರು ಎದುರಿನ ಕಡೆ ಗ್ವಾಡಿಗೆ ಕಿವಿ ಹಚ್ರಿ, ಆಮ್ಯಾಲೆ ಗ್ವಾಡಿಯಿಂದ ಎರಡು ಹೆಜ್ಜಿ ಹಿಂದ ಸರೀರಿ. ಹಿಂದ ಸರದ್ರ ಕೇಳೂದ ಕಡಿಮಿ ಆಗ್ತೈತಿ. ಯಾಕಂದ್ರ ಆ ಸಣ್ಣ ದನಿ ನಡುವಿನ ಬಯಲು ಹಾದು ಬರಂಗಿಲ್ಲ, ದುಂಡ ಗ್ವಾಡಿ ಅಪ್ಪಿಕೊಂಡ ಸುತ್ತ ಹಾದು ಬರ್ತೈತಿ. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟ ನೋಡಿ ಇದನ್ನ ಮೊದಲ ಬಿಡಿಸಿ ಹೇಳಿದವ ರೇಲೀ ಅನ್ನೋ ಇಂಗ್ಲಂಡಿನ ವಿಜ್ಞಾನಿ, 1921ರಾಗ ನಮ್ಮ ಸಿ.ವಿ. ರಾಮನ್ ಅವ್ರೂ ಅಲ್ಲಿ ಹೋಗಿ ಅಭ್ಯಾಸ ಮಾಡಿದ್ರು. ಈಗ ಕೂದಲಷ್ಟು ಸಣ್ಣ ಗಾಜಿನ ಗುಂಡಿನ್ಯಾಗ ಬೆಳಕನ್ನ ಹಿಂಗ ಅಂಚು ಹಿಡಿದು ಸುತ್ತಸ್ತಾರ, ಸೆನ್ಸರ್ ಮಾಡಾಕ. ಅದಕ್ಕೂ ಪಿಸುಮಾತಿನ ಗ್ಯಾಲರಿ ಹೆಸರ.

ಈಗ ನಂಗ ಎಲ್ಲಾಕ್ಕಿಂತ ಪ್ರೀತಿದ್ದು. ನಮ್ಮ ಅತ್ತಿ ಕಸೂತಿ ಹಾಕ್ತಾರ. ಇಳಕಲ್ ಸೀರಿ, ಗುಳೇದಗುಡ್ಡದ ಖಣ, ಅದರ ಮ್ಯಾಲೆ ತುಳಸಿಕಟ್ಟಿ, ಗೋಪುರ, ಆನಿ, ತೇರು. ಗವಂತಿ, ಮುರಗಿ, ನೇಗಿ, ಮೆಂತ್ಯ ಅಂತ ನಾಕು ಹೊಲಿಗಿ. ಅದರಾಗ ಗವಂತಿ ನೋಡ್ರಿ, ಹೊಲಿಗಿ ಹಾಕಿ ಮುಗದ ಮ್ಯಾಲೆ ಅರಿವಿ ತಿರುವಿ ಹಾಕಿದ್ರ ಯಾವ್ದು ಮುಂದಿನ ಮಗ್ಗಲ ಯಾವ್ದು ಹಿಂದಿನ ಮಗ್ಗಲ ಗೊತ್ತಾಗಂಗಿಲ್ಲ, ಎಲ್ಲೂ ಗಂಟಿಲ್ಲ. ಮ್ಯಾಲೆ ಚಿತ್ರ ಬರ್ಕೊಳಂಗಿಲ್ಲ, ಅರಿವಿ ಎಳಿ ಎಣಿಸಿ ಸೂಜಿ ಚುಚ್ಚೂದು.

ಒಂದು ಸಂಜಿ ಬಾಜೂಕ ಕುಂತು ನೋಡಿದೆ. ಸೂಜಿ ಮ್ಯಾಲೆ ಬಂತು, ನಾಕು ಎಳಿ ಬಿಟ್ಟು ಕೆಳಗ ಹೋತು, ಮತ್ತ ನಾಕು ಎಳಿ ಬಿಟ್ಟು ಮ್ಯಾಲೆ. ಹಿಂಗ ಹೋಗಿಗೋತ ಗೆರಿ ಪೂರಾ ಆಗಂಗಿಲ್ಲ, ತುಂಡು ತುಂಡು ಆಗ್ತೈತಿ, ಒಂದು ಹೊಲಿಗಿ ಒಂದು ಖಾಲಿ. ಖಾಲಿ ಇದ್ದಲ್ಲಿ ದಾರ ಹಿಂದಿನ ಮಗ್ಗಲ ಇರ್ತೈತಿ. ತುದಿ ಮುಟ್ಟಿ ಅದ ದಾರೀಲೆ ತಿರುಗಿ ಬರ್ತಾರ, ಬರೂವಾಗ ಖಾಲಿ ಇದ್ದದ್ದು ತುಂಬ್ತೈತಿ, ಹಿಂದಿನ ಮಗ್ಗಲ ಖಾಲಿ ಇದ್ದದ್ದೂ ತುಂಬ್ತೈತಿ. ನಡುವ ಟೊಂಗಿ ಒಡದ್ರ ಆ ಟೊಂಗಿಗೆ ಹೋಗಿ ಬಂದು ಮುಂದ ಹೋಗ್ತಾರ. ತುಳಸಿಕಟ್ಟಿ ಮುಗದಾಗ ಸೂಜಿ ಎಲ್ಲಿ ಸುರು ಆಗಿತ್ತೋ ಬರೋಬ್ಬರಿ ಅಲ್ಲೇ ಬಂದು ನಿಂತಿತು. ನನಗ ಅದು ತಲಿಗೆ ಹತ್ತಲಿಲ್ಲ. "ಅತ್ತಿ, ಎಲ್ಲಿಂದ ಸುರು ಮಾಡಿದ್ರ ನಡುವ ಸಿಗಹಾಕ್ಕೊಳ್ಳಂಗಿಲ್ಲ ಅಂತ ಹೆಂಗ ಗೊತ್ತಾಗ್ತೈತ್ರಿ?" ಅಂತ ಕೇಳಿದೆ. ಅವ್ರು ಚಷ್ಮಾ ಮ್ಯಾಲಿಂದ ನೋಡಿ ಅಂದ್ರು, "ಎಲ್ಲಿಂದರ ಸುರು ಮಾಡವಾ. ಎಲ್ಲಾ ದಾರಿಗೂ ಹೋಗೂದೊಮ್ಮೆ ಬರೂದೊಮ್ಮೆ. ಸಿಗಹಾಕ್ಕೊಳ್ಳೂದ್ಯಾಕ?"

ಇದನ್ನ ಲೆಕ್ಕದಾಗ ಹೇಳಿದವ ಆಯ್ಲರ್ ಅನ್ನೋ ಗಣಿತದ ಪಂಡಿತ. ಕೋನಿಗ್ಸ್‌ಬರ್ಗ್ ಅನ್ನೋ ಊರಾಗ ಹೊಳಿಗೆ ಏಳು ಸೇತುವಿ, ಒಂದೊಂದನ್ನೂ ಒಂದ ಸಲ ದಾಟಿ ಊರು ಸುತ್ತಿ ಬರಾಕ ಆಗ್ತೈತೋ ಇಲ್ಲೋ ಅಂತ ಊರ ಮಂದಿ ತಲಿ ಕೆಡಸ್ಕೊಂಡಿದ್ರು. 1736ರಾಗ ಅವ ಆಗಂಗಿಲ್ಲ ಅಂತ ತೋರ್ಸಿದ. ಅವನ ಮಾತು ಇಷ್ಟ, ಒಂದು ಜಾಗಾಕ್ಕ ಬಂದ್ರ ಹೊರಗ ಹೋಗಾಕ ಇನ್ನೊಂದು ದಾರಿ ಬೇಕು, ಅಂದ್ರ ದಾರಿಗೋಳು ಜೋಡಿ ಜೋಡಿ ಇರ್ಬೇಕು, ಎಲ್ಲಾ ಜಾಗಾಕ್ಕೂ ಸಮ ಸಂಖ್ಯೆ. ಆ ಊರಾಗ ನಾಕೂ ಕಡೆ ಬೆಸ ಇದ್ವು, ಒಂದು ಕಡೆ ಐದು, ಉಳಿದ ಮೂರು ಕಡೆ ಮೂರ್ಮೂರು. ಈಗ ಗವಂತಿ ನೋಡ್ರಿ. ಒಂದೊಂದ ಗೆರಿಗೂ ಎರಡು ಹೊಲಿಗಿ, ಮುಂದೊಂದು ಹಿಂದೊಂದು. ಕೂಡು ಜಾಗಾಕ್ಕ ಮೂರು ಗೆರಿ ಬಂದ್ರ ಹೊಲಿಗಿ ಆರು, ಐದು ಬಂದ್ರ ಹತ್ತು, ಎಷ್ಟರ ಬರ್ಲಿ ದುಪ್ಪಟ್ಟು, ಎಂದಿದ್ರೂ ಸಮ! ಗೆರಿಗೋಳು ಒಂದಕ್ಕೊಂದು ಹತ್ತಿಕೊಂಡಿದ್ರ ಆತು, ಎಂಥಾ ಚಿತ್ರ ಇದ್ರೂ ದಾರ ಹರೀದ ಹೊಲದು ಹೊಂಟ ಜಾಗಾಕ್ಕ ಬಂದು ನಿಲ್ಲಾಕ ಬರ್ತೈತಿ. ಅತ್ತಿ ಹೇಳಿದ ಒಂದು ಮಾತಿನ್ಯಾಗ ಇದೆಲ್ಲಾ ಇತ್ತು. ಅವ್ರು ಸಾಲಿ ಮೂರನೇತ್ತೆ ಬಿಟ್ಟವ್ರು. ನಾ ಅವ್ರಿಗೆ ಸೇತುವಿ ಚಿತ್ರ ತಗದು ತೋರ್ಸಿದೆ, ಎರಡು ನಿಮಿಷ ನೋಡಿ, "ಇದು ಬರಂಗಿಲ್ಲ, ಇಲ್ಲಿ ದಾರ ಹರೀಬೇಕಾಗ್ತೈತಿ" ಅಂತ ಬೆರಳ ಇಟ್ಟು ತೋರ್ಸಿದ್ರು. ಅವತ್ತ ಹಲಿಗಿ ಮ್ಯಾಲೆ ಬರ್ದದ್ದು ನಾ ಅಲ್ಲ, ಅವ್ರ ಬಂದು ಖಡು ಹಿಡಿದು ಎತ್ತದ ತುಳಸಿಕಟ್ಟಿ ತಗದ್ರು.

ಅತ್ತಿ ಹೆಸರು ಬಂತಂತ ನೆನಪಾತು, ಜ್ವಾಳದ ಹಿಟ್ಟಿಗೆ ಎಸರು ಯಾಕ ಹಾಕ್ತೀವಿ ಅಂತ ಯಾರರ ಕೇಳೀರೇನು? ಗೋದಿಗೆ ತಣ್ಣೀರು ಸಾಕು, ಯಾಕಂದ್ರ ಗೋದಿ ಒಳಗ ಜಗ್ಗಿದ್ರ ಹರಿಯದಂಥ ಗ್ಲುಟೆನ್ ಐತಿ. ಜ್ವಾಳದಾಗ ಅದಿಲ್ಲ. ಕುದಿಯೂ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗ್ತೈತಿ, ಆ ಜಿಗಿ ಮ್ಯಾಲೆ ರೊಟ್ಟಿ ಬಡ್ಯಾಕ ಬರ್ತೈತಿ. ಒಂದು ಮುಟಿಗಿ ಹಿಟ್ಟು ತಣ್ಣೀರಿನ್ಯಾಗ, ಒಂದು ಮುಟಿಗಿ ಎಸರಿನ್ಯಾಗ ನಾದಿ ಬಡದು ನೋಡ್ರಿ, ತಣ್ಣೀರಿಂದು ಅಂಚು ಸೀಳಿ ಹೋಗ್ತೈತಿ. ಇದನ್ನ ಬರ್ದ ದಿನ ಗಂಡಸ್ರು ಮಾತ್ರ ನಿಂತು ಓದಿದ್ರು, ಹೆಣ್ಮಕ್ಕಳು ಇದೇನು ಹೊಸಾದು ಅಂತ ಹಾದು ಹೋದ್ರು.

ಕಡೀದು ಒಂದು, ಕಲ್ಲಿಂದು. ಮನಿ ಕಟ್ಟೋ ಗೌಂಡಿ ಒಬ್ರು ಕೊಟೇಶನ್ ಝೆರಾಕ್ಸ್ ಮಾಡಿಸಾಕ ಬಂದವ್ರು ಹಲಿಗಿ ಓದಿ, "ನನ್ನ ಹಂತ್ಯಾಕೂ ಒಂದು ಐತ್ರಿ" ಅಂತ ಮರುದಿನ ಸೈಕಲ್ ಮ್ಯಾಲೆ ಒಂದು ಫರಸಿ ತುಂಡು ತಂದ್ರು. ಬದಾಮಿ ಕಡೆ ಕೆಂಪ ಕಲ್ಲು. ಮ್ಯಾಲೆ ಸಾಲು ಸಾಲು ತೆರಿ, ಹೊಳಿ ದಂಡಿ ಉಸುಕಿನ ಮ್ಯಾಲೆ ನೀರು ಹಾದು ಹೋದ ಮ್ಯಾಲೆ ಬೀಳ್ತಾವಲ್ಲ, ಹಂಗ. ಅವ್ರು ಕೇಳಿದ್ರು, "ಇದನ್ನ ಯಾರು ಕೆತ್ತಿದ್ರು?" ಯಾರೂ ಕೆತ್ತಿಲ್ಲ. ಈ ಕಲ್ಲು ಒಂದು ಕಾಲಕ್ಕ ಉಸುಕ ಇತ್ತು, ಅದರ ಮ್ಯಾಲೆ ಖರೇನ ನೀರು ಹರೀತಿತ್ತು, ತೆರಿ ಮೂಡಿದ್ವು, ಮ್ಯಾಲೆ ಮತ್ತ ಉಸುಕು ಬಿದ್ದು ಮುಚ್ಚಿ ಗಟ್ಟಿ ಆಗಿ ಕಲ್ಲಾತು. ಈ ಕಲ್ಲಿನ ಸೀಮಿಗೆ ಭೂವಿಜ್ಞಾನದವ್ರು ನಮ್ಮ ಚಿಕ್ಕೂ ದಾಳಿಂಬ್ರಿ ಕಲಾದಗಿ ಹೆಸರು ಇಟ್ಟಾರ, ಕಲಾದಗಿ ಬೇಸಿನ್ ಅಂತ ಜಗತ್ತಿನ ಪುಸ್ತಕದಾಗ ಬರೀತಾರ. 54 ಕೋಟಿ ವರ್ಷಕ್ಕಿಂತ ಹಳೇ ಕಲ್ಲು, ಆ ನೀರು ಹರಿಯೂವಾಗ ದಂಡಿ ಮ್ಯಾಲೆ ಒಂದು ಗರಿಕಿ ಹುಲ್ಲೂ ಇರಲಿಲ್ಲ, ಒಂದು ಪ್ರಾಣಿ ಹೆಜ್ಜಿನೂ ಇರಲಿಲ್ಲ. ಚಾಲುಕ್ಯರು ಬದಾಮಿಯ ಮೂರನೇ ಗವಿಯೊಳಗ ಶಾಸನ ಕೆತ್ತಿಸಿದ್ದು 578ರಾಗ, ನಮಗ ಅದ ಎಷ್ಟು ಹಳೇದು ಅನಸ್ತೈತಿ, ಅವ್ರು ಉಳಿ ಇಟ್ಟ ಕಲ್ಲು ಎಂಥಾದ್ದು ನೋಡ್ರಿ!

ತೆರಿ ನೋಡೂ ರೀತಿ ಹೇಳ್ತೀನಿ. ಒಂದು ತೆರಿ ಮ್ಯಾಲೆ ಬೆರಳ ಅಡ್ಡ ಆಡಿಸ್ರಿ. ಒಂದು ಕಡೆ ಸಾವಕಾಶ ಏರು ಇರ್ತೈತಿ, ಇನ್ನೊಂದು ಕಡೆ ಕಡಿದಾಗಿ ಇಳೀತೈತಿ. ನೀರು ಸಾವಕಾಶ ಏರಿನ ಕಡಿಯಿಂದ ಬಂದು ಕಡಿದಾದ ಕಡೆ ಹೋಗೇತಿ. ಎರಡೂ ಕಡೆ ಒಂದ ನಮೂನಿ ಇದ್ರ ಅದು ಹರಿಯೂ ನೀರಲ್ಲ, ದಂಡಿಗೆ ಹಿಂದ ಮುಂದ ಆಡಿದ ತೆರಿ. ಬದಾಮಿ ಗುಡ್ಡದಾಗ ಕಲ್ಲು ಇದ್ದಲ್ಲೇ ಇದ್ರ ನೀರು ಮೂಡಣಕ್ಕ ಹೋತೋ ಪಡುವಣಕ್ಕ ಹೋತೋ ಅಂತನೂ ಹೇಳಬಹುದು, ಕಡಿದು ತಂದು ಹಾಸಿದ ಕಲ್ಲಿನ್ಯಾಗ ಅಷ್ಟು ಹೇಳಾಕ ಬರಂಗಿಲ್ಲ, ಅದರ ಮ್ಯಾಲೆ ಯಾವ ಕಡಿಯಿಂದ ಯಾವ ಕಡೆ ಅಂತ ಮಾತ್ರ.

ನಾ ಇವತ್ತ ಲಗು ಬಂದಿದ್ದೆ. ಈ ಹಾಲ್‌ಗೆ ಏರಿ ಬರೂ ಪಾವಟಿಗಿ ಅವಲ್ಲ, ನೀವು ಚಪ್ಪಲ ಬಿಟ್ಟದ್ದು, ಅದರಾಗ ಕೆಳಗಿಂದ ಎರಡನೇದು ಅಂಥಾ ಕಲ್ಲು. ಬಲಗಡಿ ಮೂಲ್ಯಾಗ ಒಂದು ಗೇಣು ಜಾಗಾದಾಗ ಏಳು ತೆರಿ ಅದಾವ, ಉಳಿದದ್ದು ತುಳದು ತುಳದು ಸವದೈತಿ. ನೀರು ಯಾವ ಕಡೆ ಹೋಗೇತಿ ಅಂತ ನಾ ನೋಡೀನಿ, ಹೇಳಂಗಿಲ್ಲ. ಹೊರಗ ಲೈಟ್ ಸಣ್ಣದೈತಿ, ಮೊಬೈಲ್ ಟಾರ್ಚ್ ಓರಿ ಹಿಡೀರಿ, ನೆರಳ ಬಿದ್ರ ಚಂದ ಕಾಣಸ್ತೈತಿ. ಒಬ್ಬೊಬ್ರ ನೋಡ್ರಿ, ಗದ್ದಲ ಮಾಡಬ್ಯಾಡ್ರಿ, ಸಣ್ಣ ಹುಡುಗ್ರನ್ನ ಮುಂದ ಬಿಡ್ರಿ.